ಬೇಸಿಗೆಯ ಸಂಜೆ ಮನೆಯಲ್ಲಿ ಹಾಡು ಮತ್ತು ಸಿಹಿ: ಒಲೆಯ ಮುಂದೆ ಇರುವವರು ಹಾಡು ಕೇಳುವುದು ಯಾವಾಗ?

ಹಿತ್ತಿಲ ಕರಿಬೇವು, ಹಾಸನ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ ಮೇ ತಿಂಗಳ ಒಂದು ಶನಿವಾರ ನಮ್ಮ ಮನೆಯಲ್ಲಿ ಮೈದುನಂದಿರು, ಓರಗಿತ್ತಿಯರು, ನಾದಿನಿಯ ಸಂಸಾರ, ಅವರೆಲ್ಲರ ಮಕ್ಕಳು ಸೇರಿ 22 ಮಂದಿ ಒಟ್ಟಾಗುತ್ತೇವೆ. ಬಿಸಿಲು ಇಳಿದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ, ತಂಬೂರಿ ಶ್ರುತಿ ಮಾಡಿಕೊಂಡು, ಹಾಡಬಲ್ಲವರು ಹಾಡುತ್ತಾರೆ, ನುಡಿಸಬಲ್ಲವರು ನುಡಿಸುತ್ತಾರೆ. ಹಾಡು ಮುಗಿದ ಮೇಲೆ ಒತ್ತುಶಾವಿಗೆ ಮತ್ತು ಕಾಯಿಹಾಲು. ಮಾವನವರ ಕಾಲದಿಂದ ನಡೆದು ಬಂದ ಈ ಪದ್ಧತಿ ವರ್ಷದ ಎಲ್ಲ ಹಬ್ಬಗಳಿಗಿಂತ ನನಗೆ ಹೆಚ್ಚು ಪ್ರಿಯವಾದದ್ದು.

ಕಳೆದ ವರ್ಷ ನಡೆದದ್ದನ್ನು ಹೇಳಿ ಪ್ರಶ್ನೆಗೆ ಬರುತ್ತೇನೆ. ಮೂರು ವರ್ಷಗಳಿಂದ ಸಂಗೀತ ಕಲಿಯುತ್ತಿರುವ ನನ್ನ ಮಗಳು ಅಂದು ಮೊದಲ ಬಾರಿಗೆ ಎಲ್ಲರ ಎದುರಿಗೆ ಒಂದು ಕೃತಿಯನ್ನು ಪಲ್ಲವಿಯಿಂದ ಚರಣದವರೆಗೆ ಪೂರ್ತಿಯಾಗಿ ಹಾಡಿದಳು. ಶಾವಿಗೆಯ ಹಿಟ್ಟು ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಒರಳಿನಿಂದ ಇಳಿಯುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯವೇ. ಹಾಗಾಗಿ ನಾನು, ಓರಗಿತ್ತಿ, ಅತ್ತೆಯವರು ಮೂವರೂ ಒಳಗಿದ್ದೆವು. ಪಲ್ಲವಿ ಗೋಡೆಯಾಚೆಯಿಂದ ಕೇಳಿಸಿತು, ಉಳಿದದ್ದು ಒಲೆಯ ಸದ್ದಿನಲ್ಲಿ ಕರಗಿಹೋಯಿತು. ಹಾಡಿ ಮುಗಿಸಿದ ಮಗಳು ನೇರವಾಗಿ ಅಡುಗೆಮನೆಗೆ ಓಡಿ ಬಂದು, "ಅಮ್ಮ, ಚರಣದಲ್ಲಿ ಒಂದು ಕಡೆ ತಪ್ಪಿದೆ, ಎಲ್ಲಿ ಅಂತ ಗೊತ್ತಾಯ್ತಾ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನನ್ನದು ಒಂದು ವರ್ಷದ ಮಾತು. ಅತ್ತೆಯವರು ನಲವತ್ತು ವರ್ಷಗಳಿಂದ ಇದೇ ಸಂಜೆಯನ್ನು ಒಲೆಯ ಮುಂದೆಯೇ ಕಳೆದಿದ್ದಾರೆ ಎಂಬುದು ಆಗ ಹೊಳೆದು, ಮನಸ್ಸು ತಡೆಯಲಿಲ್ಲ.

ಅಂಗಡಿಯಿಂದ ಸಿಹಿ ತರಿಸಿದರೆ ಆಯಿತಲ್ಲ ಎಂದು ಮನೆಯವರು ಹೇಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮನೆಯ ಸಿಹಿಯೂ ಇರಬೇಕು, ಮಾಡಿದವರೂ ಹಾಡಿನ ಮುಂದೆ ಕುಳಿತಿರಬೇಕು. ಇದಕ್ಕೆ ದಾರಿ ಯಾವುದು? ತಂಬೂರಿ, ಹಾರ್ಮೋನಿಯಂ ನಮ್ಮಲ್ಲೇ ಇವೆ. ಮೈದುನ ಮೃದಂಗ ನುಡಿಸುತ್ತಾರೆ, ನಾದಿನಿಯ ಮಗಳು ವೀಣೆ ತರುತ್ತಾಳೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಬಕ್ಕೆ ಹಲಸು, ಸಕಲೇಶಪುರ

ಅಕ್ಕ, ನಿಮ್ಮ ಮಗಳ ಪ್ರಶ್ನೆ ಓದಿ ನನಗೂ ಗಂಟಲು ಕಟ್ಟಿತು. ನಮ್ಮ ಮನೆಯಲ್ಲಿ ಈ ತೊಂದರೆ ಇಲ್ಲದಿರುವುದಕ್ಕೆ ಕಾರಣ ಹಲಸಿನ ಹಣ್ಣಿನ ಕಡುಬು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೇಯಿಸಿ ಇಳಿಸಿಬಿಟ್ಟರೆ ಸಂಜೆಯವರೆಗೆ ಅದರ ಕಡೆ ನೋಡಬೇಕಾಗಿಲ್ಲ, ಆರಿದ ಮೇಲೆ ಅದರ ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಕ್ಕೆ ಹಣ್ಣನ್ನು ತೊಳೆ ಬಿಡಿಸಿ ಹಾಗೆಯೇ ತಿನ್ನಲು ಇಡಿ, ಕಡುಬಿಗೆ ಮೆತ್ತಗಿನ ಅಂಬಲಿ ಹಣ್ಣೇ ಆಗಬೇಕು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಬೀಜ ತೆಗೆದು, ನಾರು ಉಳಿಯದಂತೆ ಜರಡಿಯಲ್ಲಿ ತಿಕ್ಕಿ ರಸ ಇಳಿಸಿಕೊಳ್ಳಿ. ಆ ರಸಕ್ಕೆ ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ ಅರ್ಧ ಗಂಟೆ ಬಿಟ್ಟರೆ ತರಿ ರಸವನ್ನು ಹೀರಿಕೊಂಡು ಹದಕ್ಕೆ ಬರುತ್ತದೆ. ಹಣ್ಣು ಎಷ್ಟು ಸಿಹಿಯಿದೆ ಎಂದು ನೋಡಿಕೊಂಡೇ ಬೆಲ್ಲ ಹಾಕಬೇಕಾದ್ದರಿಂದ ನಾನು ಬೆಲ್ಲಕ್ಕೆ ಅಳತೆ ಹೇಳುವುದಿಲ್ಲ. ಬಾಳೆ ಎಲೆಯಲ್ಲಿ ಕಟ್ಟಬಹುದು, ಆದರೆ ಎಳೆಯ ತೇಗದ ಎಲೆ ಸಿಕ್ಕರೆ ಬಿಡಬೇಡಿ. ಹಬೆಗೆ ಎಲೆಯ ಕೆಂಪು ಬಿಟ್ಟುಕೊಂಡು ಕಡುಬಿನ ಮೈಯೆಲ್ಲ ಕೆಂಪಗಾಗುತ್ತದೆ, ಎಲೆಯ ನರಗಳ ಗೆರೆಗಳು ಅಚ್ಚೊತ್ತಿದಂತೆ ಮೂಡಿರುತ್ತವೆ. ನಮ್ಮ ಮಕ್ಕಳು ತಿನ್ನುವ ಮೊದಲು ಯಾರ ಕಡುಬಿನಲ್ಲಿ ಗೆರೆ ಚೆನ್ನಾಗಿ ಬಿದ್ದಿದೆ ಎಂದು ಹೋಲಿಸಿಕೊಳ್ಳುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಬೇಕು.

ಒಂದೇ ಮಾತು: ದೊಡ್ಡ ಮಳೆ ಬೀಳುವ ಮೊದಲೇ ಇದನ್ನು ಮಾಡಿ. ಮಳೆ ಬಿದ್ದ ಮೇಲೆ ಹಣ್ಣು ನೀರಾಗಿ ಸಿಹಿ ಇಳಿದುಹೋಗುತ್ತದೆ.

ಮೃದಂಗದ ಮನೆ, ಚಿಕ್ಕಮಗಳೂರು

ತಮ್ಮ ಪ್ರಶ್ನೆ ಅಡುಗೆಯದ್ದಾದರೂ ವಾದ್ಯಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸುತ್ತದೆ, ಏಕೆಂದರೆ ಬೇಸಿಗೆಯಲ್ಲಿ ಮನೆಯ ಕಚೇರಿ ತಡವಾಗುವುದು ಹೆಚ್ಚಾಗಿ ಶ್ರುತಿಯ ತೊಂದರೆಯಿಂದ. ವಾದ್ಯ ಸರಿಹೋಗುವವರೆಗೆ ಎಲ್ಲರೂ ಕಾಯುತ್ತಾರೆ, ಅಷ್ಟರಲ್ಲಿ ಒಲೆಯ ಹೊತ್ತೂ ಹಾಡಿನ ಹೊತ್ತೂ ಒಂದರ ಮೇಲೊಂದು ಬೀಳುತ್ತವೆ.

ಸೆಕೆಗೆ ತಂಬೂರಿ ಮತ್ತು ವೀಣೆಯ ತಂತಿಗಳು ಹಿಗ್ಗಿ ಶ್ರುತಿ ಇಳಿಯುತ್ತದೆ. ಕೊಳಲಿನದು ಇದಕ್ಕೆ ತದ್ವಿರುದ್ಧ: ಒಳಗಿನ ಗಾಳಿ ಬೆಚ್ಚಗಾದಷ್ಟೂ ಅದರ ಶ್ರುತಿ ಏರುತ್ತದೆ. ಮಧ್ಯಾಹ್ನ ಸೇರಿಸಿಟ್ಟ ಶ್ರುತಿ ಸಂಜೆಗೆ ಹಾಗೆಯೇ ಇರುತ್ತದೆ ಎಂದು ನಂಬಬೇಡಿ. ಹಾಡುವ ಜಾಗದಲ್ಲಿಯೇ ವಾದ್ಯಗಳನ್ನು ಒಂದು ಗಂಟೆ ಮೊದಲು ತಂದಿರಿಸಿ, ಅಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿ. ನಾದಿನಿಯ ಮಗಳಿಗೆ ಮುಖ್ಯವಾಗಿ ಹೇಳಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆಯನ್ನು ಬಿಡಬಾರದು. ವೀಣೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮೇಣ ಮೆತ್ತಗಾಗಿ ಒಂದು ಮೆಟ್ಟಿಲು ಎಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ, ಆಮೇಲೆ ಮೇಳ ಕಟ್ಟುವವರನ್ನು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸುವವರನ್ನು, ಹುಡುಕಿಕೊಂಡು ಹೋಗಬೇಕಾಗುತ್ತದೆ.

ಇನ್ನು ಮೃದಂಗ. ಎಡಭಾಗದ ಚರ್ಮಕ್ಕೆ ನುಡಿಸುವ ಮೊದಲು ರವೆಯನ್ನು ನೀರಿನಲ್ಲಿ ಕಲಸಿ ಹಚ್ಚುತ್ತೇವೆ. ಆ ತೂಕದಿಂದಲೇ ಎಡಗೈಯ ಗುಂಕಿಗೆ, ಅಂದರೆ ತಗ್ಗಿನ ನಾದಕ್ಕೆ, ಗಾಂಭೀರ್ಯ ಬರುವುದು. ಒಣ ಸೆಕೆಯಲ್ಲಿ, ಅದರಲ್ಲಿಯೂ ಫ್ಯಾನಿನ ಕೆಳಗೆ, ರವೆ ಬೇಗ ಒಣಗಿ ಬಿರುಕು ಬಿಡುತ್ತದೆ, ನಾದ ಬೋಳಾಗುತ್ತದೆ. ಹಾಗಾಗಿ ಮೈದುನನವರ ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ, ನಡುನಡುವೆ ಬೆರಳದ್ದಿ ಸವರಿದರೆ ಸಾಕು. ಸಂಜೆಯ ಕೇಸರಿಬಾತಿಗೆಂದು ನಮ್ಮ ತಾಯಿ ಅಳೆಯುವಾಗ ಒಂದು ಹಿಡಿ ರವೆಯನ್ನು ನನಗೆಂದು ಬೇರೆ ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದನ್ನು ಬಾಣಲೆಗೆ ಹಾಕುತ್ತಿದ್ದರು. ಹುರಿದ ರವೆ ಹಿಡಿದು ನಿಲ್ಲುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಶ್ರುತಿಯ ಆಯ್ಕೆಯನ್ನೂ ಮೊದಲೇ ಮಾಡಿಕೊಳ್ಳಿ. ಗಂಡಸರು ಹಾರ್ಮೋನಿಯಂನ ಒಂದನೆಯ ಮನೆಯ ಆಸುಪಾಸಿನಲ್ಲಿ ಹಾಡಿದರೆ ಹೆಂಗಸರಿಗೂ ಮಕ್ಕಳಿಗೂ ಐದು, ಐದೂವರೆ ಮನೆ ಬೇಕಾಗುತ್ತದೆ. ಒಬ್ಬೊಬ್ಬರಿಗೂ ಶ್ರುತಿ ಬದಲಾಯಿಸುತ್ತ ಕುಳಿತರೆ ಸಂಜೆಯೆಲ್ಲ ಅದರಲ್ಲೇ ಕಳೆಯುತ್ತದೆ. ಮೊದಲು ಹೆಂಗಸರು ಮತ್ತು ಮಕ್ಕಳು, ಅನಂತರ ಗಂಡಸರು ಎಂದು ಇಟ್ಟುಕೊಂಡರೆ ಒಂದೇ ಸಲ ಬದಲಾಯಿಸಿದರೆ ಮುಗಿಯಿತು. ಮೃದಂಗವೂ ಹಾಗೆಯೇ, ಎರಡು ಶ್ರುತಿಗೆ ಎರಡು ಮೃದಂಗ ಇದ್ದರೆ ಒಳ್ಳೆಯದು.

ಬಯಲುಸೀಮೆ, ಕಡೂರು

ಮಗಳೇ, ನಾನು ಎಪ್ಪತ್ತು ದಾಟಿದವನು. ಮೇಲಿನವರ ಮಾತುಗಳನ್ನು ಗೌರವದಿಂದ ಓದಿದೆ. ಬೆಳಿಗ್ಗೆಯೇ ಮಾಡಿಡುವ ಸಿಹಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಶಾವಿಗೆಯನ್ನು ಕೈಬಿಡುವ ಆಲೋಚನೆ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನನ್ನ ತಾಯಿ ಒಮ್ಮೆಯೂ ತಂಬೂರಿ ಮುಟ್ಟಿದವರಲ್ಲ, ಆದರೆ ಅವರು ಹಾಡದೆ ರಾಗಿ ಬೀಸಿದ್ದನ್ನು ನಾನು ಕಂಡಿಲ್ಲ. ಬೀಸುವಾಗ ಒಂದು ಪದ, ಕುಟ್ಟುವಾಗ ಒಂದು ಪದ, ಮದುವೆ ಮನೆಯಲ್ಲಿ ಸೋಬಾನೆ. ಅಂದಿನ ಹೆಂಗಸರಿಗೆ ಕೆಲಸ ಮತ್ತು ಹಾಡು ಎರಡು ಬೇರೆ ಬೇರೆ ಕೋಣೆಗಳಲ್ಲಿ ನಡೆಯುವ ಸಂಗತಿಗಳಾಗಿರಲಿಲ್ಲ. ಗೋಡೆ ಬಂದದ್ದು ಆಮೇಲೆ, ಹಾಡು ಪಡಸಾಲೆಗೆ ಬಂದು ಕೆಲಸ ಒಳಗೆ ಉಳಿದಾಗ. ಹಾಗಿರುವಾಗ ಒಳಗಿನವರನ್ನು ಹೊರಗೆ ಕರೆಯುವುದಷ್ಟನ್ನೇ ಯೋಚಿಸದೆ ಒರಳನ್ನೇ ಹೊರಗೆ ತರಬಾರದೇಕೆ? ನಮ್ಮ ಮನೆಯಲ್ಲಿ ಶಾವಿಗೆ ಒರಳು ಪಡಸಾಲೆಯ ಕಂಬದ ಬುಡದಲ್ಲಿಯೇ ಇರುತ್ತಿತ್ತು. ಒತ್ತುವುದಕ್ಕೆ ರಟ್ಟೆಯಲ್ಲಿ ಬಲ ಬೇಕು, ಆ ಕೆಲಸ ಯಾವತ್ತೂ ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರದು. ಹೆಂಗಸರು ಬೆಂದ ಉಂಡೆ ಕೊಡುವರು, ಗಂಡಸರು ಒತ್ತುವರು, ಕೆಳಗೆ ಎಲೆ ಹಿಡಿದು ಎಳೆಗಳನ್ನು ಸುತ್ತಿ ತೆಗೆಯುವುದು ಮಕ್ಕಳ ಪಾಲು. ಇಪ್ಪತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಕಚೇರಿ ನಿಲ್ಲಲಿ, ಆ ಹೊತ್ತಿನಲ್ಲಿ ಯಾರಿಗೆ ಯಾವ ಪದ ಬರುತ್ತದೆಯೋ ಅದನ್ನು ಹಾಡಲಿ.

ಸಿಹಿಯೂ ಸಂಗೀತವೂ ಒಟ್ಟಿಗೆ ಬರುವುದಕ್ಕೆ ನಮ್ಮಲ್ಲಿ ಇರುವ ದೊಡ್ಡ ಮಾದರಿ ರಾಮನವಮಿ. ಯುಗಾದಿಯಿಂದ ಒಂಬತ್ತನೆಯ ದಿನ, ಚೈತ್ರದ ಸುಡುಬಿಸಿಲಿನಲ್ಲಿ, ಊರೂರಿನ ರಾಮಮಂದಿರಗಳಲ್ಲಿ ಸಂಗೀತ ಕಚೇರಿ, ಕೊಳಗದ ತುಂಬ ಪಾನಕ, ಕೋಸಂಬರಿ. ಗಮನಿಸಿ, ಪಾನಕಕ್ಕೆ ಒಲೆಯೇ ಬೇಡ. ಬೆಲ್ಲ ಕರಗಿಸಿ ಸೋಸಿ, ನಿಂಬೆರಸ, ಶುಂಠಿ, ಮೆಣಸು, ಏಲಕ್ಕಿ ಸೇರಿಸಿದರೆ ಆಯಿತು. ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ ನಮ್ಮ ಮನೆಯ ಅಳತೆ. ಬೇಲದ ಹಣ್ಣು ಸಿಕ್ಕರೆ ಅದರ ಪಾನಕ ಇನ್ನೂ ತಂಪು. ಕಚೇರಿ ಶುರುವಾಗುವ ಹೊತ್ತಿಗೆ ಮಾಡಿದವರ ಕೈ ಖಾಲಿಯಾಗಿರುತ್ತದೆ, ಹಾಡುವವರ ಗಂಟಲಿಗೂ ಹಿತವಾಗಿರುತ್ತದೆ. ಬಂದವರಿಗೆ ಮೊದಲು ಪಾನಕ ಕೊಟ್ಟುಬಿಡಿ, ಸಿಹಿಗೆ ಯಾರೂ ಅವಸರ ಮಾಡುವುದಿಲ್ಲ.

ಹಿತ್ತಿಲ ಕರಿಬೇವು, ಹಾಸನ

ಅಜ್ಜ, ಒರಳನ್ನು ಹೊರಗೆ ತರುವುದು ನನಗೆ ಹೊಳೆದೇ ಇರಲಿಲ್ಲ. ಅತ್ತೆಯವರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಅಟ್ಟದ ಮೇಲಿದ್ದ ಹಳೆಯ ಮರದ ಒರಳನ್ನು ಇಳಿಸಿ ತೊಳೆದಿಡು ಎಂದರು. ಈಗ ನಾವು ಬಳಸುವುದು ಸಣ್ಣ ಹಿತ್ತಾಳೆಯದು.

ಕಾಯಿಹಾಲಿನ ಬಗ್ಗೆ ಅಳುಕಿದೆ. ಹಿಂದೊಮ್ಮೆ ಮಧ್ಯಾಹ್ನವೇ ಮಾಡಿಟ್ಟದ್ದು ರಾತ್ರಿಯ ಹೊತ್ತಿಗೆ ಹುಳಿಯಾಗಿತ್ತು.

ತೆಂಗಿನ ತೋಟ, ಅರಸೀಕೆರೆ

ತೆಂಗಿನ ನಾಡಿನವಳಾಗಿ ಇದಕ್ಕೆ ಉತ್ತರ ಕೊಡುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ. ಮೇ ತಿಂಗಳ ಸೆಕೆಯಲ್ಲಿ ಹಿಂಡಿದ ಹಸಿ ಕಾಯಿಹಾಲು ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡಿ. ಬೆಲ್ಲವನ್ನು ಬೆಳಿಗ್ಗೆಯೇ ಕರಗಿಸಿ, ಸೋಸಿ, ಒಂದು ಕುದಿ ಬರಿಸಿ ಪೂರ್ತಿ ಆರಲು ಬಿಡಿ. ಕಾಯಿಯನ್ನು ಸಂಜೆ ನಾಲ್ಕರ ಮೇಲೆ ತುರಿಯಿರಿ, ಈ ಕೆಲಸವನ್ನು ಗಂಡು ಹುಡುಗರಿಗೆ ಒಪ್ಪಿಸಿ. ಎರಡು ಚಮಚ ಗಸಗಸೆಯನ್ನು ಹುರಿದು ಕಾಯಿಯ ಜೊತೆ ರುಬ್ಬಿದರೆ ಹಾಲು ಗಟ್ಟಿಯಾಗಿ ಬರುತ್ತದೆ. ಮೊದಲ ಹಾಲನ್ನು ಬೇರೆ, ಎರಡನೆಯ ಹಾಲನ್ನು ಬೇರೆ ಹಿಂಡಿಟ್ಟುಕೊಳ್ಳಿ.

ಬಿಸಿ ಬೆಲ್ಲದ ನೀರಿಗೆ ಮೊದಲ ಹಾಲನ್ನು ಸುರಿಯಬೇಡಿ, ಸೇರಿಸಿದ ಮೇಲೆ ಕುದಿಸಲೂ ಬೇಡಿ, ಒಡೆದು ಎಣ್ಣೆಯೂ ನೀರೂ ಬೇರೆಯಾಗುತ್ತದೆ. ಆರಿದ ಬೆಲ್ಲಕ್ಕೆ ಎರಡನೆಯ ಹಾಲು, ಕೊನೆಯಲ್ಲಿ ಮೊದಲ ಹಾಲು, ಏಲಕ್ಕಿ. ಪಾತ್ರೆಯನ್ನು ಫ್ರಿಜ್ಜಿನಲ್ಲಿಡಲು ಜಾಗವಿಲ್ಲದಿದ್ದರೆ ಮಣ್ಣಿನ ಮಡಕೆಗೆ ತುಂಬಿ ಸುತ್ತ ಒದ್ದೆ ಬಟ್ಟೆ ಕಟ್ಟಿ ಗಾಳಿಯಾಡುವ ಕಡೆ ಇಡಿ. ಮಡಕೆಯ ಮೈಯಿಂದ ನೀರು ಆವಿಯಾಗುತ್ತ ಒಳಗಿನದನ್ನು ತಂಪಾಗಿಡುತ್ತದೆ. ಎರಡು ಗಂಟೆಯೊಳಗೆ ಬಡಿಸಿ ಮುಗಿಸಿ.

ರಾಗಿ ಹಾಲುಬಾಯಿಯನ್ನೂ ಮರೆಯಬೇಡಿ. ಹಿಂದಿನ ರಾತ್ರಿ ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಬೆಲ್ಲದ ಜೊತೆ ತಳ ಬಿಡುವವರೆಗೆ ಕೈಯಾಡಿಸಿ ತುಪ್ಪ ಸವರಿದ ತಟ್ಟೆಗೆ ಸುರಿದರೆ ಮಧ್ಯಾಹ್ನದ ಹೊತ್ತಿಗೆ ಕತ್ತರಿಸಲು ಬರುತ್ತದೆ. ಹಲ್ಲಿಲ್ಲದ ಅಜ್ಜಿಯಿಂದ ಹಲ್ಲು ಬರುತ್ತಿರುವ ಕೂಸಿನವರೆಗೆ ಎಲ್ಲರೂ ತಿನ್ನಬಹುದಾದ ಬೇಸಿಗೆಯ ಸಿಹಿ ಇದೊಂದೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಬೇಲೂರಿನಿಂದ ಒಬ್ಬರು

ಮೈಕ್ ಇಡುವ ಯೋಚನೆಯಿದ್ದರೆ ಬೇಡವೆನ್ನುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, 22 ಮಂದಿ ಕೂರುವ ಪಡಸಾಲೆಯಲ್ಲಿ ಮೈಕ್ ಇಟ್ಟರೆ ತಂಬೂರಿಯ ತಂತಿಯ ಕೆಳಗೆ ಕುದುರೆಯ ಮೇಲೆ ಇಡುವ ಜೀವದ ದಾರದಿಂದ ಏಳುವ ಝೇಂಕಾರ ಕೇಳಿಸದೆ ಹೋಗುತ್ತದೆ. ಅದನ್ನು ಹತ್ತಿರದಿಂದ ಕೇಳುವ ಭಾಗ್ಯ ಸಭಾಂಗಣದಲ್ಲಿ ಯಾರಿಗೂ ಇಲ್ಲ, ಮನೆಯಲ್ಲಿ ಮಾತ್ರ ಇದೆ.

ಕಾವೇರಿ ದಂಡೆ, ಅರಕಲಗೂಡು

ನಮ್ಮ ತಾಲ್ಲೂಕಿನ ರುದ್ರಪಟ್ಟಣದ ಹೆಸರು ಇಲ್ಲಿ ಬಾರದೆ ಚರ್ಚೆ ಮುಗಿಯಬಾರದೆಂದು ಬರೆಯುತ್ತಿದ್ದೇನೆ. ಕಾವೇರಿಯ ದಡದ ಆ ಸಣ್ಣ ಊರಿನಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಿಗೆ ಸಂಗೀತ ಮೊದಲು ಸಿಕ್ಕಿದ್ದು ಮನೆಯವರಿಂದಲೇ. ತ್ಯಾಗರಾಜನ್, ತಾರಾನಾಥನ್ ಅಣ್ಣತಮ್ಮಂದಿರು ರುದ್ರಪಟ್ಟಣಂ ಸಹೋದರರೆಂದೇ ಹೆಸರಾದರು. ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತಾ ಧ್ಯಾನಮಂದಿರ ಎದ್ದು ನಿಂತಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಒಂದು ಊರಿನಿಂದ ಇಷ್ಟು ಮಂದಿ ಸಂಗೀತಗಾರರು ಹೇಗೆ ಬಂದರೆಂದು ನನ್ನನ್ನು ಕೇಳಿದರೆ, ಅಲ್ಲಿನ ಮನೆಗಳಲ್ಲಿ ಹಾಡುವವರಷ್ಟೇ ಗಮನವಿಟ್ಟು ಕೇಳುವವರೂ ಇದ್ದರು ಎನ್ನುತ್ತೇನೆ.

ಅದಕ್ಕಾಗಿಯೇ ನಿಮ್ಮ ಮಗಳ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ. ಅವಳಿಗೆ ಹೊಗಳಿಕೆ ಬೇಕಾಗಿರಲಿಲ್ಲ, ತಪ್ಪಿದ ಜಾಗವನ್ನು ಗುರುತಿಸುವಷ್ಟು ಗಮನದಿಂದ ತಾಯಿ ಕೇಳಿರಬೇಕಾಗಿತ್ತು. ಈ ಸಲ ಮಕ್ಕಳ ಹಾಡನ್ನು ಮೊದಲಿಗೇ ಇಡಿ, ಇನ್ನೂ ಬೆಳಕಿರುವಾಗ, ಯಾರಿಗೂ ಹಸಿವಾಗುವ ಮೊದಲು. ಆ ಅರ್ಧ ಗಂಟೆ ಮನೆಯಲ್ಲಿ ಒಲೆ ಆರಿರಲಿ.

ಹಿತ್ತಿಲ ಕರಿಬೇವು, ಹಾಸನ

ನಿನ್ನೆ ನಮ್ಮ ಸಂಜೆ ನಡೆಯಿತು. ನೀವೆಲ್ಲ ಹೇಳಿದ್ದರಲ್ಲಿ ಬಹುಪಾಲು ಮಾಡಿದೆವು, ಹಾಗಾಗಿ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಹಾಲುಬಾಯಿ, ಹಲಸಿನ ಕಡುಬು ಮಧ್ಯಾಹ್ನದೊಳಗೆ ಮುಗಿದವು. ತೇಗದ ಎಲೆಯನ್ನು ಆಲೂರಿನ ಕಡೆಯಿಂದ ಮೈದುನ ತಂದಿದ್ದರು, ಗೆರೆಗಳು ಚೆನ್ನಾಗಿ ಮೂಡಿದ್ದವು. ಐದೂವರೆಗೆ ಪಾನಕ ಕೊಟ್ಟು ಒಲೆ ಆರಿಸಿದೆವು. ಅತ್ತೆಯವರು ಮುಂದಿನ ಸಾಲಿನಲ್ಲಿ, ತಂಬೂರಿಯಿಂದ ಒಂದು ಮಾರು ದೂರದಲ್ಲಿ ಕುಳಿತರು. ಮಗಳು ಕಳೆದ ವರ್ಷದ ಕೃತಿಯನ್ನೇ ಮತ್ತೆ ಹಾಡುತ್ತೇನೆಂದು ಹಟ ಹಿಡಿದಿದ್ದಳು. ಈ ಸಲ ಅನುಪಲ್ಲವಿಯ ಎರಡನೆಯ ಸಂಗತಿಯಲ್ಲಿ, ಅಂದರೆ ಅದೇ ಸಾಲನ್ನು ಬದಲಿಸಿ ಹಾಡುವಾಗ, ತಾಳದ ಒಂದು ಅಕ್ಷರ ಮೊದಲೇ ಎತ್ತಿಕೊಂಡಳು, ತಾನೇ ಸರಿಮಾಡಿಕೊಂಡಳು. ಮುಗಿದ ಮೇಲೆ ನನ್ನ ಕಡೆ ತಿರುಗಿ ನೋಡಿದಳು. ನಾನು ತೊಡೆಯ ಮೇಲೆ ಆ ಎಡುಪನ್ನು, ಅಂದರೆ ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗವನ್ನು, ತಟ್ಟಿ ತೋರಿಸಿದೆ. ಅವಳ ಮುಖ ಅರಳಿದ ಪರಿಯನ್ನು ಬರೆಯಲು ನನಗೆ ಬರುವುದಿಲ್ಲ.

ಏಳರ ಹೊತ್ತಿಗೆ ಗುಡುಗು, ಮಳೆ, ಕರೆಂಟು ಹೋಯಿತು. ಮೈಕ್ ಇಲ್ಲದ್ದರಿಂದ ಏನೂ ನಿಲ್ಲಲಿಲ್ಲ. ಥಂಡಿಗೆ ಮೃದಂಗದ ಬಲಭಾಗ ಸ್ವಲ್ಪ ಇಳಿಯಿತೆಂದು ಮೈದುನ ಕಲ್ಲು ಹಿಡಿದು ಶ್ರುತಿ ಸೇರಿಸಿಕೊಳ್ಳುವಷ್ಟರಲ್ಲಿ ಉಂಡೆಗಳು ಬೆಂದಿದ್ದವು. ದೀಪದ ಬೆಳಕಿನಲ್ಲಿ ಹಳೆಯ ಒರಳನ್ನು ಪಡಸಾಲೆಯ ನಡುವೆ ಇಟ್ಟೆವು. ನಮ್ಮ ಮನೆಯವರೂ ಮೈದುನಂದಿರೂ ಸರದಿಯಲ್ಲಿ ಒತ್ತಿದರು, ಮಕ್ಕಳು ಬಾಳೆ ಎಲೆ ಹಿಡಿದರು. ಅತ್ತೆಯವರು ಉಂಡೆ ತೆಗೆದುಕೊಡುತ್ತ ಕುಳಿತಿದ್ದವರು, ಯಾರೂ ಕೇಳದೆಯೇ, ಬಹಳ ಸಣ್ಣ ದನಿಯಲ್ಲಿ ಒಂದು ಪದ ಶುರು ಮಾಡಿದರು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ, ಅವರ ಮಕ್ಕಳೂ ಕೇಳಿರಲಿಲ್ಲವಂತೆ. ಮಗಳು ಹಾರ್ಮೋನಿಯಂ ಹತ್ತಿರ ಸರಿದು ಒಂದೊಂದೇ ಮನೆ ಒತ್ತಿ ನೋಡುತ್ತ, ನಾಲ್ಕೂವರೆಯಲ್ಲಿ ಅಜ್ಜಿಯ ಶ್ರುತಿ ಹಿಡಿದಳು. ಅಲ್ಲಿಂದ ಅವರ ದನಿ ಸ್ವಲ್ಪ ಗಟ್ಟಿಯಾಯಿತು.

ಎರಡು ನುಡಿ ಹಾಡಿ ನಿಲ್ಲಿಸಿದರು. ಮೂರನೆಯದು ನೆನಪಾಗಲಿಲ್ಲ. ಅದು ಅವರ ತವರಿನಲ್ಲಿ ಶಾವಿಗೆ ಒತ್ತುವಾಗ ಅಕ್ಕತಂಗಿಯರು ಹಾಡುತ್ತಿದ್ದ ಪದವಂತೆ, ಹೊಳೆನರಸೀಪುರದಲ್ಲಿರುವ ಅವರ ಅಕ್ಕನಿಗೆ ಪೂರ್ತಿ ಬರಬಹುದಂತೆ. ಮುಂದಿನ ಭಾನುವಾರ ಅತ್ತೆಯವರನ್ನೂ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇವೆ. ಮಗಳು ಪುಸ್ತಕ ತೆಗೆದಿಟ್ಟುಕೊಂಡು ಮೊದಲ ಎರಡು ನುಡಿಗಳನ್ನು ಈಗಾಗಲೇ ಬರೆದಿದ್ದಾಳೆ, ಅವುಗಳ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾಳೆ. ದೊಡ್ಡಮ್ಮನವರಿಗೆ ಕಡುಬು ಇಷ್ಟವಂತೆ. ಸಕಲೇಶಪುರದ ತಂಗಿ, ಮಳೆ ಬಿದ್ದುಬಿಟ್ಟಿದೆಯಲ್ಲ, ಇನ್ನೊಂದು ಒಳ್ಳೆಯ ಅಂಬಲಿ ಹಣ್ಣು ಎಲ್ಲಿ ಸಿಕ್ಕೀತೆಂದು ತಿಳಿಸುತ್ತೀಯಾ?